ಓದುಗರ ಪ್ರಶ್ನೆ: ಕೃಷ್ಣಾ ತೀರ್ಪು ಓದದವರು ಜಲ ಕಾನೂನಿನ ಫೆಲೋಶಿಪ್ಪಿಗೆ ಅರ್ಜಿ ಹಾಕಬಹುದೇ?

ಪ್ರಶ್ನೆ: ಸರ್, ನಾನು ಕಲಬುರಗಿಯಲ್ಲಿ ಎಲ್‌ಎಲ್‌ಬಿ ಎರಡನೇ ವರ್ಷದಲ್ಲಿದ್ದೇನೆ. ಜಲ ಕಾನೂನಿನ ಬೇಸಿಗೆ ಫೆಲೋಶಿಪ್ಪಿಗೆ ಅರ್ಜಿ ಹಾಕುವ ಆಸೆ ಇದೆ. ಆದರೆ ಕೃಷ್ಣಾ ನ್ಯಾಯಮಂಡಳಿಯ ತೀರ್ಪು ಓದಿಲ್ಲ. ಹಾಕಬಹುದೇ?

ಹಾಕಬಹುದು. ಕಳೆದ ವರ್ಷವೂ ಇದನ್ನೇ ಹೇಳಿದ್ದೆ, ಅದರ ಹಿಂದಿನ ವರ್ಷವೂ.

ಅರ್ಜಿಯ ವಿಷಯ ಮೊದಲು ಮುಗಿಸುತ್ತೇನೆ. ಏಕೆ ಬರುತ್ತೀರಿ ಎಂದು ತಿಳಿಸುವ ಒಂದೆರಡು ಪುಟ, ನೀವೇ ಬರೆದ ಒಂದು ಲೇಖನ, ಪಾಠ ಹೇಳಿದವರೊಬ್ಬರ ಶಿಫಾರಸು ಪತ್ರ. ಸಾಮಾನ್ಯವಾಗಿ ಕೇಳುವುದು ಇಷ್ಟೇ. ಶಿಷ್ಯವೇತನ ಎಷ್ಟು, ಉಳಿಯುವ ವ್ಯವಸ್ಥೆ ಯಾರದು ಎಂದು ಸಂಕೋಚವಿಲ್ಲದೆ ವಿಚಾರಿಸಿ. ಇನ್ನೊಂದು ಮಾತು. ವಕೀಲರ ಪರಿಷತ್ತಿನ 2008ರ ನಿಯಮದಂತೆ ಮೂರು ವರ್ಷದ ಕೋರ್ಸಿನವರು 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಆದರೆ ಒಂದು ವರ್ಷದಲ್ಲಿ ಸತತ ನಾಲ್ಕು ವಾರ ಮೀರುವಂತಿಲ್ಲ. ಎಂಟು ವಾರದ ಫೆಲೋಶಿಪ್ ಎಷ್ಟರ ಮಟ್ಟಿಗೆ ಲೆಕ್ಕಕ್ಕೆ ಬರುತ್ತದೆ ಎಂದು ಹೊರಡುವ ಮೊದಲೇ ಕಾಲೇಜಿನಲ್ಲಿ ಕೇಳಿಕೊಳ್ಳಿ, ಬಂದ ಮೇಲಲ್ಲ.

ಇನ್ನು ಆ ತೀರ್ಪಿನ ಭೂತ. ತಿದ್ದಿಕೊಡಿ ಎಂದು ನನ್ನ ಬಳಿ ಬರುವ ಪತ್ರಗಳು ಮೂರನೇ ಮಹಾಯುದ್ಧ ನೀರಿಗಾಗಿಯೇ ನಡೆಯುತ್ತದೆ ಎಂದು ಶುರುವಾಗುತ್ತವೆ. ಎರಡನೇ ಸಾಲಿನಲ್ಲಿ ಕಾವೇರಿ, ಮೂರನೆಯದರಲ್ಲಿ ಕೃಷ್ಣೆ, ಆಮೇಲೆ ಬಚಾವತ್ ತೀರ್ಪು, ಅಂದರೆ ನೀವು ಓದದ ಆ ಕೃಷ್ಣಾ ತೀರ್ಪು, ಕರ್ನಾಟಕಕ್ಕೆ ಕೊಟ್ಟ 700 ಟಿಎಂಸಿ. ಕಾರಂಜಾ ಜಲಾಶಯದ ಮಗ್ಗುಲಿನ ಭಾಲ್ಕಿ ಕಡೆಯ ಹುಡುಗನೊಬ್ಬ ‘ನಮ್ಮ ಕೃಷ್ಣೆಯ ಪಾಲು’ ಎಂದು ಬರೆದು ತಂದಿದ್ದ. ಕಾರಂಜಾ ಸೇರುವುದು ಮಾಂಜ್ರಾವನ್ನು, ಮಾಂಜ್ರಾ ಸೇರುವುದು ಗೋದಾವರಿಯನ್ನು. ಊರ ಹೊಳೆ ಎತ್ತ ಹರಿಯುತ್ತದೆ ಎಂದು ನೋಡದವನು 700 ಟಿಎಂಸಿ ಬಾಯಿಪಾಠ ಮಾಡಿ ಏನು ಮಾಡುವುದು?

ಜಲ ಕಾನೂನೆಂದರೆ ನ್ಯಾಯಮಂಡಳಿ ಎಂಬ ನಂಬಿಕೆ ಎಲ್ಲಿಂದ ಬಂತೋ ತಿಳಿಯದು. ಸಂವಿಧಾನದ 262ನೇ ವಿಧಿ, 1956ರ ಅಂತರರಾಜ್ಯ ನದಿ ನೀರು ವಿವಾದಗಳ ಕಾಯ್ದೆ ಎರಡನ್ನೂ ಒಮ್ಮೆ ತೆರೆದು ನೋಡಿ. ಅಲ್ಲಿ ಕಕ್ಷಿದಾರರು ರಾಜ್ಯ ಸರ್ಕಾರಗಳು. ಸುರಪುರದ ರೈತ ತನ್ನ ಹೊಲಕ್ಕೆ ನೀರು ಬರಲಿಲ್ಲವೆಂದು ನ್ಯಾಯಮಂಡಳಿಯ ಮೆಟ್ಟಿಲು ಹತ್ತುವಂತಿಲ್ಲ. ರಾಜ್ಯಕ್ಕೆ ಎಷ್ಟು ಎಂದು ತೀರ್ಪು ಹೇಳಿತು, ಸರಿ. ನಾರಾಯಣಪುರದ ಎಡದಂಡೆ ಕಾಲುವೆಗೆ ಬಿದ್ದ ನೀರು ಎಷ್ಟು ದಿನ ಹರಿಯಬೇಕು, ವಾರಾಬಂದಿ, ಅಂದರೆ ಸರದಿಯಂತೆ ನೀರು ಹಂಚುವುದು ಹೇಗೆ, ಮೇಲಿನವರು ಕಾಲುವೆಗೇ ಪಂಪ್ ಇಟ್ಟರೆ ಕೊನೆಯ ಭಾಗದವನು ಯಾರಿಗೆ ದೂರು ಕೊಡಬೇಕು? ಇದಕ್ಕೆಲ್ಲ ನೋಡಬೇಕಾದದ್ದು 1965ರ ಕರ್ನಾಟಕ ನೀರಾವರಿ ಕಾಯ್ದೆ, ನೀರಾವರಿ ಸಲಹಾ ಸಮಿತಿಯ ನಿರ್ಣಯ. ಕಕ್ಷಿದಾರ ನಿಮ್ಮ ಟೇಬಲ್ಲಿನ ಮುಂದೆ ಬಂದು ಕೂರುವುದು ಈ ಜಗಳ ಹಿಡಿದುಕೊಂಡು.

ಕಾಲುವೆಯೇ ಇಲ್ಲದ ಊರಿನಲ್ಲಿ ಕೊಳವೆಬಾವಿಯ ಜಗಳ. ಹೊಲ ನನ್ನದು, ಅಡಿಯ ನೀರೂ ನನ್ನದು ಎನ್ನುವವನ ಬೆನ್ನಿಗೆ 1882ರ ಅನುಭೋಗ ಹಕ್ಕುಗಳ ಕಾಯ್ದೆ (ಈಸ್‌ಮೆಂಟ್ಸ್ ಆಕ್ಟ್) ಇದೆ, ಸುಳ್ಳಲ್ಲ. ಆದರೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡಬಾರದು ಎನ್ನುವ 1999ರ ರಾಜ್ಯ ಕಾಯ್ದೆಯೂ ಇದೆ, 2011ರ ಅಂತರ್ಜಲ ಕಾಯ್ದೆಯೂ ಇದೆ. ನಿಮ್ಮೂರಿನ ಕುಡಿಯುವ ನೀರಿನ ಟ್ಯಾಂಕಿನ ಬೋರ್‌ವೆಲ್‌ನಿಂದ ಟೇಪು ಹಿಡಿದು ಅಳೆಯಿರಿ, ಒಳಗೆ ಎಷ್ಟು ಖಾಸಗಿ ಬೋರ್‌ವೆಲ್‌ಗಳಿವೆ ಎಣಿಸಿ, ಎಷ್ಟಕ್ಕೆ ಅನುಮತಿ ಇದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಅದನ್ನು ಎರಡು ಪುಟ ಮಾಡಿ ಕಳುಹಿಸಿ. ಶುದ್ಧ ನೀರು 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ರಿಟ್ ಹಾಕಲು ಬೆಂಗಳೂರಿಗೆ ಬಸ್ ಹತ್ತುವ ಕಾಲವೂ ಹೋಯಿತು. ಹೈಕೋರ್ಟ್ ಪೀಠ 2008ರಿಂದ ನಮ್ಮ ಕಲಬುರಗಿಯಲ್ಲೇ ಇದೆ.

ಯಾರೂ ಕೇಳದ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಬಹಳ ದಿನದಿಂದ ಕೊರೆಯುತ್ತಿದೆ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆಯಲ್ಲ, ನೆಲದಡಿ ಜಂಬಿಟ್ಟಿಗೆ ಕೊರೆದು ನೀರು ಹರಿಸಿದ ಸುರಂಗ, ಮೇಲೆ ಸಾಲಾಗಿ ಗಾಳಿಬಾವಿಗಳು. ಅದರ ನೀರು ಯಾರದು? 1882ರ ಕಾಯ್ದೆಯ 7ನೇ ಕಲಮು ಭೂಮಾಲೀಕನಿಗೆ ಕೊಟ್ಟಿರುವುದು ‘ನಿರ್ದಿಷ್ಟ ಕಾಲುವೆಯಲ್ಲಿ ಹರಿಯದ’ ನೆಲದಡಿಯ ನೀರನ್ನು ಮಾತ್ರ. ಮನುಷ್ಯರೇ ಕೊರೆದ ಸುರಂಗಕ್ಕಿಂತ ನಿರ್ದಿಷ್ಟವಾದ ಕಾಲುವೆ ಇನ್ನೇನಿದೆ? ಹಾಗಾದರೆ ಸುರಂಗದೊಳಗಿನ ನೀರಿನ ಮೇಲೆ ಮೇಲಿನ ನಿವೇಶನದವನಿಗೆ ಈ ಕಲಮಿನ ಆಸರೆ ಸಿಗದು ಎಂದು ನಾನು ವಾದಿಸುತ್ತೇನೆ. ಎದುರಿನ ವಕೀಲರು ಸುಮ್ಮನಿರುತ್ತಾರೆಯೇ? ನಮ್ಮ ಕಕ್ಷಿದಾರ ಸುರಂಗವನ್ನು ಮುಟ್ಟಿಲ್ಲ, ಹತ್ತು ಅಡಿ ಪಕ್ಕದಲ್ಲಿ ಕೊರೆದಿದ್ದಾನೆ, ಸುರಂಗಕ್ಕೆ ಇನ್ನೂ ಜಿನುಗದ ನೀರು ಯಾವ ಕಾಲುವೆಯದೂ ಅಲ್ಲ ಎನ್ನುತ್ತಾರೆ. ಅದಕ್ಕೆ ಉತ್ತರ ಹುಡುಕುವುದರಲ್ಲೇ ನಿಮ್ಮ ಬೇಸಿಗೆ ಕಳೆದೀತು. ಹೋಗಿ ನೋಡುವುದಾದರೆ ಬೆಳಿಗ್ಗೆ ಎಂಟರೊಳಗೆ ತಲುಪಿ. ಏಪ್ರಿಲ್ ಬಿಸಿಲಿನಲ್ಲಿ ಆಮೇಲೆ ಅಲ್ಲಿ ನಿಲ್ಲಲಾಗುವುದಿಲ್ಲ.