ಓದುಗರ ಪ್ರಶ್ನೆ: ಅಂಗವಿಕಲ ಅಪ್ಪ-ಅಮ್ಮಂದಿರ ಬಗ್ಗೆ ಸಂಶೋಧನೆಗೆ ಸರ್ಕಾರದ ದುಡ್ಡು ಯಾಕೆ?

"ಮೇಡಂ, ಅಂಗವಿಕಲ ತಂದೆ-ತಾಯಿಗಳ ಬಗ್ಗೆ ಸಂಶೋಧನೆ ಆಗಬೇಕು, ಅದಕ್ಕೆ ಸರ್ಕಾರ ಹಣ ಕೊಡಬೇಕು ಅಂತ ಹೇಳ್ತಾನೇ ಇರ್ತೀರಿ. ಆ ದುಡ್ಡನ್ನ ಪಿಂಚಣಿಗೇ ಸೇರಿಸಿದ್ರೆ ಆಗಲ್ವಾ? ಹೆಂಗೂ ಅವರ ಮಕ್ಕಳಿಗೂ ಅದೇ ಬರುತ್ತೆ. ಮಕ್ಕಳು ಬೇಡ ಅಂತ ತಿಳಿಹೇಳೋದೇ ಒಳ್ಳೇದಲ್ವಾ?" ಇದು ಜಗಳೂರು ಕಡೆಯಿಂದ ಬಂದ ಪ್ರಶ್ನೆ.

ಹರಿಹರದವರೂ ಇದನ್ನೇ ಕೇಳಿದ್ದಾರೆ, ಚಳ್ಳಕೆರೆಯವರೂ ಕೇಳಿದ್ದಾರೆ. ತರಗತಿಯಲ್ಲಿ, ಶಿಬಿರಗಳಲ್ಲಿ, ಮದುವೆ ಮನೆಯ ಪಂಕ್ತಿಯಲ್ಲೂ ಉತ್ತರ ಕೊಟ್ಟಿದ್ದೇನೆ. ಇನ್ನೊಮ್ಮೆ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲು ದುಡ್ಡಿನ ವಿಷಯ. ಪಿಂಚಣಿ ಹೆಚ್ಚಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಜೆಟ್‌ನಲ್ಲಿ ಪಿಂಚಣಿಯ ಲೆಕ್ಕಶೀರ್ಷಿಕೆ ಬೇರೆ, ಸಂಶೋಧನೆಯದು ಬೇರೆ. ಸಂಶೋಧನೆ ನಿಲ್ಲಿಸಿದರೆ ನಿಮ್ಮ ಖಾತೆಗೆ ಒಂದು ರೂಪಾಯಿಯೂ ಜಾಸ್ತಿ ಬರುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಎರಡನ್ನೂ ಸರ್ಕಾರದ ಹೊಣೆ ಎಂದೇ ಬರೆದಿದೆ. ಅಂಗವಿಕಲ ಮಹಿಳೆಯರ ಜೀವನೋಪಾಯಕ್ಕೆ ಮತ್ತು ಅವರ ಮಕ್ಕಳ ಪಾಲನೆಗೆ ನೆರವು ಕೊಡಬೇಕು ಎನ್ನುವುದು 24ನೇ ಕಲಂನಲ್ಲಿದೆ. ಅಂಗವಿಕಲರ ಸಬಲೀಕರಣಕ್ಕೆ ಬೇಕಾದ ಸಂಶೋಧನೆಯನ್ನು ಸರ್ಕಾರವೇ ಶುರುಮಾಡಬೇಕು ಅಥವಾ ಮಾಡಿಸಬೇಕು ಎನ್ನುವುದು 28ನೇ ಕಲಂ. ಭಾರತ 2007ರಲ್ಲಿ ಒಪ್ಪಿಕೊಂಡ, ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯ 23ನೇ ವಿಧಿ ಇನ್ನೂ ಸ್ಪಷ್ಟ: ಅಂಗವಿಕಲರಿಗೆ ಮಕ್ಕಳನ್ನು ಬೆಳೆಸಲು ಸರ್ಕಾರ ನೆರವಾಗಬೇಕು, ಅಪ್ಪನಿಗೋ ಅಮ್ಮನಿಗೋ ಅಂಗವೈಕಲ್ಯವಿದೆ ಎಂಬ ಕಾರಣಕ್ಕೆ ಮಗುವನ್ನು ಬೇರ್ಪಡಿಸುವಂತಿಲ್ಲ.

ಇನ್ನು ಆ ಎರಡನೇ ಮಾತು, "ಹೆಂಗೂ ಅವರ ಮಕ್ಕಳಿಗೂ ಅದೇ ಬರುತ್ತೆ" ಅನ್ನುವುದು. ನನ್ನ ಅರ್ಧ ಆಯಸ್ಸು ಈ ಮಾತನ್ನು ಅಳಿಸುವುದರಲ್ಲೇ ಹೋಗಿದೆ.

ಪೋಲಿಯೊ ಒಂದು ವೈರಸ್. ಅದು ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೊಲ್ಲುತ್ತದೆ, ಅಂಡಾಣು-ವೀರ್ಯಾಣುಗಳ ತಂಟೆಗೆ ಬರುವುದಿಲ್ಲ. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯದು. ಅದಕ್ಕೂ ಮುಂಚೆ ಕಾಲು ಕಳೆದುಕೊಂಡ ಮಕ್ಕಳೇ ಇವತ್ತು ನಮ್ಮೂರುಗಳಲ್ಲಿ ಅಪ್ಪ-ಅಮ್ಮ ಆಗಿದ್ದಾರೆ. ಅವರ ಮಕ್ಕಳು ದಾವಣಗೆರೆಯ ಪಿ.ಜೆ. ಬಡಾವಣೆಯ ರಸ್ತೆಯಲ್ಲಿ ಸೈಕಲ್ ಹೊಡೆಯುತ್ತಿದ್ದಾರೆ. ಹೆದ್ದಾರಿ 48ರಲ್ಲಿ ಲಾರಿ ಹಾಯ್ದು ಕಾಲು ಹೋದವನ ಮಗನಿಗೆ ಕಾಲು ಹೋಗಿಯೇ ಹುಟ್ಟಲು ಸಾಧ್ಯವೇ? ದಡಾರ ಬಂದೋ 'ಎ' ಜೀವಸತ್ವ ಸಾಲದೆಯೋ ಎಳವೆಯಲ್ಲಿ ಕಣ್ಣು ಕಳೆದುಕೊಂಡವರು, ಹೆರಿಗೆ ಹೊತ್ತಲ್ಲಿ ಉಸಿರು ಕಟ್ಟಿ ಮಿದುಳಿಗೆ ಪೆಟ್ಟಾದವರು, ತಾಯಿಗೆ ಬಸುರಿನಲ್ಲಿ ರುಬೆಲ್ಲಾ ಬಂದು ಕಿವುಡಾದವರು, ಇವರ್ಯಾರ ಅಂಗವೈಕಲ್ಯವೂ ಮಕ್ಕಳಿಗೆ ದಾಟುವಂಥದ್ದಲ್ಲ.

ವಂಶವಾಹಿಯಿಂದ, ಅಂದರೆ ಜೀನ್‌ನಿಂದ, ಬರುವವೂ ಇವೆ, ನಿಜ. ಅಲ್ಲೂ ಲೆಕ್ಕ ನೀವು ಅಂದುಕೊಂಡಂತಿಲ್ಲ. ಹುಟ್ಟುಕಿವುಡು ಅನುವಂಶಿಕವಾದಾಗ ಬಹಳ ಸಲ ಅದು ಎರಡೂ ಕಡೆಯಿಂದ ದೋಷವಿರುವ ಜೀನ್ ಸೇರಿದರಷ್ಟೇ ಕಾಣಿಸುತ್ತದೆ. ಅಂಥ ಒಂದೇ ಜೀನ್ ಹೊತ್ತ, ಚೆನ್ನಾಗಿ ಕಿವಿ ಕೇಳುವ ಇಬ್ಬರು ಮದುವೆಯಾದರೆ ಪ್ರತಿ ಬಸುರಿನಲ್ಲೂ ಮಗು ಕಿವುಡಾಗುವ ಸಾಧ್ಯತೆ 4ರಲ್ಲಿ 1. ಅದೇ ಹುಟ್ಟುಕಿವುಡ ಗಂಡ-ಹೆಂಡತಿಯ ದೋಷ ಬೇರೆ ಬೇರೆ ಜೀನ್‌ಗಳಲ್ಲಿದ್ದರೆ ಹುಟ್ಟುವ ಮಗುವಿಗೆ ಸಾಮಾನ್ಯವಾಗಿ ಕಿವಿ ಕೇಳುತ್ತದೆ. ಕುಳ್ಳು ದೇಹದ ಅಕಾಂಡ್ರೊಪ್ಲೇಸಿಯಾ ನೋಡಿ: ಅದಿರುವವರಲ್ಲಿ 100ಕ್ಕೆ ಸುಮಾರು 80 ಮಂದಿಯ ಅಪ್ಪ-ಅಮ್ಮ ಇಬ್ಬರೂ ಸಾಮಾನ್ಯ ಎತ್ತರದವರು. ಅಂಗವಿಕಲ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟುವುದು ಅಂಗವೈಕಲ್ಯವಿಲ್ಲದ ಅಪ್ಪ-ಅಮ್ಮಂದಿರಿಗೇ.

ನಮ್ಮ ಕಡೆ ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವಾಗ ಯಾರೂ ವಂಶವಾಹಿಯ ಮಾತೆತ್ತುವುದಿಲ್ಲ. ಆ ಮದುವೆಯಲ್ಲಿ ಹುಟ್ಟುವ ಮಗುವಿನ ಜೀನ್‌ಗಳಲ್ಲಿ ಸರಾಸರಿ 8ರಲ್ಲಿ 1ಕ್ಕೆ, ಅಪ್ಪನಿಂದ ಬಂದ ಪ್ರತಿಯೂ ಅಮ್ಮನಿಂದ ಬಂದ ಪ್ರತಿಯೂ ಒಂದೇ ಪೂರ್ವಜರದ್ದು. ಅಡಗಿರುವ ದೋಷ ಹೊರಗೆ ಬರಲು ಇದಕ್ಕಿಂತ ಸುಲಭದ ದಾರಿ ಕಡಿಮೆ. ಪೋಲಿಯೊ ಆದ ಹುಡುಗಿಗೆ "ಮಕ್ಕಳು ಬೇಡಮ್ಮ" ಅನ್ನುವ ಅತ್ತೆ-ಚಿಕ್ಕಮ್ಮಂದಿರು ಈ ಲೆಕ್ಕವನ್ನು ಒಮ್ಮೆ ಕೇಳಿಸಿಕೊಳ್ಳಲಿ.

ಇನ್ನೂ ಒಂದು ಮಾತು. ಮಗುವಿಗೂ ಅಂಗವೈಕಲ್ಯ ಬಂತು ಅಂತಲೇ ಇಟ್ಟುಕೊಳ್ಳಿ. ಆ ದಾರಿ ನಡೆದ ಅನುಭವವಿರುವ ತಾಯಿಗಿಂತ ಒಳ್ಳೆಯ ತಾಯಿ ಆ ಮಗುವಿಗೆ ಯಾರು? ಮಕ್ಕಳು ಬೇಕೋ ಬೇಡವೋ ಎನ್ನುವುದು ಅವಳ ತೀರ್ಮಾನ. ಅವಳ ಒಪ್ಪಿಗೆಯಿಲ್ಲದೆ ಮಕ್ಕಳಾಗದಂತೆ ಮಾಡುವ ಚಿಕಿತ್ಸೆಯನ್ನು ಅದೇ ಕಾಯ್ದೆಯ 10ನೇ ಕಲಂ ನಿಷೇಧಿಸಿದೆ. ಬುದ್ಧಿಮಾಂದ್ಯತೆಯಿದ್ದ ಯುವತಿಯೊಬ್ಬಳು ಬಸುರು ಉಳಿಸಿಕೊಳ್ಳುತ್ತೇನೆ ಎಂದಾಗ ಅವಳ ಮಾತನ್ನೇ ಎತ್ತಿಹಿಡಿದದ್ದು 2009ರಲ್ಲಿ ಸುಪ್ರೀಂ ಕೋರ್ಟ್.

ಈ ತಪ್ಪು ನಂಬಿಕೆಯನ್ನು ಇಷ್ಟು ಹೊತ್ತು ಕೆದಕಿದ್ದು ಸುಮ್ಮನೆ ಅಲ್ಲ. ಅನುದಾನ ಹೋಗುವುದು ಪ್ರಶ್ನೆ ಇರುವ ಕಡೆಗೆ. "ಇವರಿಗೆ ಮಕ್ಕಳು ಬೇಕಾ?" ಎಂದೇ ಊರೆಲ್ಲ ಕೇಳುತ್ತಿದ್ದರೆ, "ಮಗು ಬೆಳೆಸಲು ಇವರಿಗೆ ಏನು ಬೇಕು?" ಎಂದು ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ಕೇಳಿದರು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1982ರಲ್ಲಿ ಶುರುವಾದ 'ಥ್ರೂ ದ ಲುಕಿಂಗ್ ಗ್ಲಾಸ್' ಸಂಸ್ಥೆ ಅಲ್ಲಿನ ಸರ್ಕಾರದ ಸಂಶೋಧನಾ ಅನುದಾನದಿಂದ ಮಗು ನೋಡಿಕೊಳ್ಳುವ ಸಲಕರಣೆಗಳ ಮೇಲೆ ಕೆಲಸ ಮಾಡಿತು. ಗಾಲಿಕುರ್ಚಿಯಲ್ಲಿ ಕೂತ ತಾಯಿ ಬಗ್ಗದೆ ಮಗುವನ್ನು ಎತ್ತಿಕೊಳ್ಳಲು ಪಕ್ಕದಿಂದ ಬಾಗಿಲಿನಂತೆ ತೆರೆಯುವ ತೊಟ್ಟಿಲು ಅಂಥ ಕೆಲಸದ ಫಲ. ಅಲ್ಲಿನ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಅಂಗವಿಕಲ ತಂದೆ-ತಾಯಿಗಳಿಗೆಂದೇ ಒಂದು ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ, ಅದಕ್ಕೂ ಸರ್ಕಾರದ ಅನುದಾನ ಬಂದಿದೆ. 2012ರ ಅಮೆರಿಕದ ಸರ್ಕಾರಿ ವರದಿಯೊಂದು 18 ವರ್ಷದೊಳಗಿನ ಮಕ್ಕಳಿರುವ ಅಂಗವಿಕಲ ಅಪ್ಪ-ಅಮ್ಮಂದಿರು ಕನಿಷ್ಠ 41 ಲಕ್ಷ ಎಂದು ಲೆಕ್ಕ ಕೊಟ್ಟಿತು. ಲೆಕ್ಕ ಇದ್ದಾಗ ಕಾನೂನು ಮಾಡುವವರ ಮುಂದೆ ಇಡಲು ಏನಾದರೂ ಇರುತ್ತದೆ.

ನಮ್ಮಲ್ಲಿ 2011ರ ಜನಗಣತಿ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರನ್ನು ಎಣಿಸಿತು. ಮದುವೆಗೆ ಪ್ರೋತ್ಸಾಹಧನ ಇದೆ, ಅಂಧ ತಾಯಂದಿರಿಗೆ ಶಿಶುಪಾಲನಾ ಭತ್ಯೆ ಇದೆ, ಎರಡೂ ಒಳ್ಳೆಯ ಕೆಲಸ. ಆದರೆ ನಮ್ಮ ತಾಯಂದಿರು ತಾವೇ ಕಂಡುಕೊಂಡ ಉಪಾಯಗಳನ್ನು ಯಾರು ಬರೆದಿಟ್ಟುಕೊಂಡಿದ್ದಾರೆ? ಅಂಬೆಗಾಲಿಡುವ ಮಗು ಎಲ್ಲಿದೆ ಎಂದು ತಿಳಿಯಲು ಕಣ್ಣಿಲ್ಲದ ತಾಯಿ ಅದರ ಕಾಲಿಗೆ ಗೆಜ್ಜೆ ಕಟ್ಟುತ್ತಾಳೆ. ಸಿರಪ್ ಅಳತೆಗೆ ಸಿರಿಂಜಿನ ಮೇಲೆ ಬ್ಲೇಡಿನಿಂದ ಗೀರು ಹಾಕಿಸಿಕೊಳ್ಳುತ್ತಾಳೆ. ನೆಲದ ಮೇಲೆ ತೆವಳುವ ತಾಯಿ ಸೀರೆಯ ಜೋಲಿಯನ್ನು ತನ್ನ ಎದೆಮಟ್ಟಕ್ಕೆ ಇಳಿಸಿ ಕಟ್ಟಿಸುತ್ತಾಳೆ. ಇದನ್ನೆಲ್ಲ ಸಂಗ್ರಹಿಸಿ, ಪರೀಕ್ಷಿಸಿ, ಮೊದಲ ಬಾರಿ ತಾಯಿಯಾಗುವವಳ ಕೈಗೆ ಹೆರಿಗೆಗೆ ಮುಂಚೆಯೇ ಕೊಡುವುದು ಕೂಡ ಸಂಶೋಧನೆಯೇ.

ಯಾರೂ ಕೇಳದಿದ್ದರೂ ಇನ್ನೊಂದು ವಿಷಯ ಹೇಳಬೇಕು. ಕಿವುಡ ಅಪ್ಪ-ಅಮ್ಮನ ಮಗು ಮಾತು ಕಲಿಯುತ್ತದೆಯೇ? ಕಲಿಯುತ್ತದೆ. ಅಜ್ಜಿ, ಅಂಗನವಾಡಿ, ಓಣಿಯ ಮಕ್ಕಳು ಸಾಕು. ಮನೆಯಲ್ಲಿ ಸನ್ನೆ ಭಾಷೆ, ಹೊರಗೆ ಕನ್ನಡ, ಎರಡರಲ್ಲೂ ಪಳಗುತ್ತದೆ. ನನ್ನನ್ನು ಕಾಡುವುದು ಬೇರೆ. ಎಂಟು ವರ್ಷದ ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು "ನಿಮ್ಮಮ್ಮಂಗೆ ಗರ್ಭಕೋಶದಲ್ಲಿ ಗೆಡ್ಡೆ ಇದೆ ಅಂತ ಹೇಳು" ಎನ್ನುವ ವೈದ್ಯರಿದ್ದಾರೆ. ಬ್ಯಾಂಕಿನಲ್ಲೂ ಸಾಲದ ಮಾತು ಮಗುವಿನ ಬಾಯಿಂದಲೇ. ಆ ಭಾರ ಮಗುವಿನದಲ್ಲ. ಆಸ್ಪತ್ರೆಯಲ್ಲಿ ಸನ್ನೆ ಭಾಷೆಯ ದುಭಾಷಿ ಇರಬೇಕು, ಇಲ್ಲವೇ ವೈದ್ಯರು ಕಾಗದದ ಮೇಲಾದರೂ ಬರೆದು ತೋರಿಸಬೇಕು.

ಸಮಾಜಕಾರ್ಯ ಓದುವ ಮಕ್ಕಳು ಪ್ರಬಂಧಕ್ಕೆ ವಿಷಯ ಹುಡುಕಿಕೊಂಡು ನನ್ನಲ್ಲಿಗೆ ಬರುತ್ತಾರೆ. ಅವರಿಗೆ ಇದನ್ನೇ ಹೇಳುತ್ತೇನೆ: ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡು, ಮಕ್ಕಳಿರುವ ಅಂಗವಿಕಲರ ಮನೆಗಳಿಗೆ ಅವರ ಜೊತೆ ಹೋಗಿ. ಮೊದಲು ಒಪ್ಪಿಗೆ ಕೇಳಿ. ಆಮೇಲೆ ಮಗುವಿಗೆ ಸ್ನಾನ ಮಾಡಿಸುವುದು, ಉಣ್ಣಿಸುವುದು, ಜ್ವರ ಬಂದ ರಾತ್ರಿ ಆಸ್ಪತ್ರೆಗೆ ಹೋಗುವುದು ಹೇಗೆ ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.