ಇಷ್ಟು ದೊಡ್ಡ ಕಡಲಿಗೆ ಒಂದು ಡಬ್ಬ ಬಣ್ಣ ಏನು ಮಾಡೀತು?

ಪ್ರಶ್ನೆ: ಬೋಟಿನ ಬಣ್ಣ, ಚರಂಡಿ ನೀರು, ಮಾತ್ರೆ ಎಲ್ಲ ಸೇರಿ ಮೀನಿನ ಹಾರ್ಮೋನ್ ಕೆಡುತ್ತದೆ ಅಂತಾರೆ. ಅರಬ್ಬಿ ಕಡಲು ಇಷ್ಟು ದೊಡ್ಡದಿದೆ, ಅದರಲ್ಲಿ ಇದೆಲ್ಲ ಕರಗಿ ಹೋಗುವುದಿಲ್ವಾ? ಮೀನು ತಿನ್ನಬಹುದಾ?
(ಮಲ್ಪೆಯ ಓದುಗರು)

ಉತ್ತರ: ಮೀನು ತಿನ್ನಿ. ಇದಕ್ಕೆ ಹೆದರಿ ಬಂಗುಡೆ, ಬೂತಾಯಿ ಬಿಡಬೇಕಾಗಿಲ್ಲ. ಆದರೆ ‘ಕಡಲು ದೊಡ್ಡದು, ಎಲ್ಲ ಕರಗುತ್ತದೆ’ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಾರ್ಮೋನ್ ಕೆಲಸ ಮಾಡುವುದೇ ಚೂರೇ ಚೂರು ಪ್ರಮಾಣದಲ್ಲಿ. ಅದರ ವೇಷ ಹಾಕಿ ಮೈಯೊಳಗೆ ಹೋಗುವ ವಿಷಕ್ಕೂ ಅಷ್ಟೇ ಸಾಕು.

ಬಣ್ಣದ ಕಥೆಯನ್ನೇ ನೋಡಿ. ತಳಕ್ಕೆ ಚಿಪ್ಪು, ಪಾಚಿ ಕಚ್ಚಿಕೊಂಡರೆ ಬೋಟಿನ ವೇಗ ಇಳಿಯುತ್ತದೆ, ಡೀಸೆಲ್ ಜಾಸ್ತಿ ಬೇಕು. ಅದಕ್ಕಾಗಿ ಟ್ರೈಬ್ಯುಟೈಲ್‌ಟಿನ್ ಎಂಬ ತವರದ ವಿಷ, ಚಿಕ್ಕದಾಗಿ ಟಿಬಿಟಿ, ಬೆರೆಸಿದ ಬಣ್ಣ ಜಗತ್ತಿನ ಎಲ್ಲ ಬಂದರಿಗೂ ಹೋಯಿತು. 1970ರ ಸುಮಾರಿಗೆ ಇಂಗ್ಲೆಂಡಿನ ಪ್ಲಿಮತ್ ಕರಾವಳಿಯಲ್ಲಿ ವಿಚಿತ್ರವೊಂದು ಕಂಡಿತು. ಕಡಲ ಬಸವನಹುಳುಗಳಲ್ಲಿ ಹೆಣ್ಣಿಗೆ ಗಂಡಿನ ಅಂಗ ಬೆಳೆದಿತ್ತು. ತಲೆಯ ಬಲಗಡೆ, ಮೀಸೆಯ ಹಿಂದೆ ಮೊದಲು ಒಂದು ಸಣ್ಣ ಗುಬುಟು. ಅದು ಬೆಳೆಯುತ್ತಾ ಹೋಗಿ, ಜೊತೆಗೆ ಬೆಳೆದ ನಾಳ ಮೊಟ್ಟೆ ಹೊರಬರುವ ದಾರಿಯನ್ನೇ ಮುಚ್ಚುತ್ತದೆ. ಮೊಟ್ಟೆಗಳು ಒಳಗೇ ತುಂಬಿ, ಕೊನೆಗೆ ಹುಳು ಸಾಯುತ್ತದೆ. ಇದಕ್ಕೆ ಬೇಕಾದದ್ದು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಟಿಬಿಟಿ. ಲೀಟರಿಗೆ 1 ನ್ಯಾನೋಗ್ರಾಂ ಅಂದರೆ, 1 ಗ್ರಾಂ ಪುಡಿಯನ್ನು 100 ಕೋಟಿ ಲೀಟರ್ ನೀರಿಗೆ ಕದಡಿದಷ್ಟು!

ಫ್ರಾನ್ಸಿನ ಆರ್ಕಾಶೋನ್ ಕೊಲ್ಲಿಯಲ್ಲಿ ಇದೇ ಬಣ್ಣದಿಂದ ಸಿಂಪಿ ಕೃಷಿ ನೆಲಕಚ್ಚಿತು. 1982ರಲ್ಲಿ ಅಲ್ಲಿ ಸಣ್ಣ ಬೋಟುಗಳಿಗೆ ಟಿಬಿಟಿ ನಿಷೇಧವಾಯಿತು. ಜಗತ್ತಿನ ಹಡಗುಗಳಿಗೆಲ್ಲ ಅನ್ವಯಿಸುವ ಒಪ್ಪಂದ 2001ರಲ್ಲಿ ಆಗಿ, ಜಾರಿಗೆ ಬರಲು 2008 ಆಗಬೇಕಾಯಿತು. ಇಷ್ಟು ತಡವಾದದ್ದು ನನಗೆ ಇವತ್ತಿಗೂ ಸಂಕಟ.

ನಿಷೇಧವಾದರೂ ಟಿಬಿಟಿ ಹೋಗಿಬಿಡಲಿಲ್ಲ. ನೀರಿನಲ್ಲಿ ಅದು ಕೆಲವು ದಿನ, ವಾರಗಳಲ್ಲಿ ಒಡೆಯುತ್ತದೆ. ಆದರೆ ಗಾಳಿಯಾಡದ ಕಪ್ಪು ಕೆಸರಿನೊಳಗೆ ವರ್ಷಗಟ್ಟಲೆ ಉಳಿಯುತ್ತದೆ. ಹೂಳು ಎತ್ತಿದಾಗ ಮತ್ತೆ ಮೇಲೆ ಬರುತ್ತದೆ. ಹಾಗಾಗಿ ಪಣಂಬೂರಿನಂಥ ಬಂದರಿನಲ್ಲಿ, ಮಂಗಳೂರಿನ ದಕ್ಕೆಯಲ್ಲಿ, ಮಲ್ಪೆಯಲ್ಲಿ ಹೂಳು ತೆಗೆಯುವಾಗ ‘ಎಷ್ಟು ತೆಗೆದರು’ ಅಂತ ಕೇಳಿದರೆ ಸಾಲದು. ಅದರಲ್ಲಿ ಏನಿತ್ತು, ಎಲ್ಲಿ ಸುರಿದರು ಅಂತಲೂ ಕೇಳಬೇಕು.

ಇನ್ನು ಚರಂಡಿ. ಗರ್ಭನಿರೋಧಕ ಮಾತ್ರೆಯ ಕೃತಕ ಈಸ್ಟ್ರೋಜೆನ್, ಅಂದರೆ ಹೆಣ್ಣಿನ ಹಾರ್ಮೋನ್, ಮೂತ್ರದ ಜೊತೆ ಹೊರಬರುತ್ತದೆ. ಕೊಳಚೆ ಶುದ್ಧೀಕರಣ ಘಟಕ ಅದನ್ನು ಪೂರ್ತಿ ತೆಗೆಯುವುದಿಲ್ಲ. ಕೆನಡಾದ ಒಂದು ಪುಟ್ಟ ಕೆರೆಗೆ 2001ರಿಂದ 2003ರವರೆಗೆ ಬೇಸಿಗೆಯಲ್ಲಿ ಬೇಕಂತಲೇ ಈ ಹಾರ್ಮೋನನ್ನು ಲೀಟರಿಗೆ 5-6 ನ್ಯಾನೋಗ್ರಾಂನಷ್ಟು ಹಾಕಿ ನೋಡಿದರು. ಗಂಡು ಮೀನುಗಳ ಮೈಯಲ್ಲಿ ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನ್ ತಯಾರಾಗತೊಡಗಿತು. ಅಲ್ಲಿನ ಒಂದು ಸಣ್ಣ ಮೀನು ಹೆಚ್ಚುಕಡಿಮೆ ಖಾಲಿಯೇ ಆಯಿತು. ಹಾರ್ಮೋನ್ ನಿಲ್ಲಿಸಿದ ಕೆಲವು ವರ್ಷಗಳಲ್ಲಿ ಮೀನು ಮತ್ತೆ ತುಂಬಿತು ಅನ್ನುವುದು ನನಗೆ ದೊಡ್ಡ ಧೈರ್ಯ.

ಒಂದು ಗೊಂದಲ ಬೇಡ. ನಮ್ಮ ಹಿನ್ನೀರಿನ ಪಂಜರಗಳಲ್ಲಿ ಸಾಕುವ ಸೀಬಾಸ್ ಮೊದಲು ಗಂಡಾಗಿದ್ದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಅದು ಅದರ ಹುಟ್ಟುಗುಣ, ಮಾಲಿನ್ಯ ಅಲ್ಲ.

ತಿನ್ನುವ ವಿಷಯದಲ್ಲಿ ಸ್ವಲ್ಪ ನೋಡಬೇಕಾದದ್ದು ಮರುವಾಯಿ, ನೀಲಿಕಲ್ಲು ಅನ್ನುವ ಚಿಪ್ಪುಮೀನುಗಳನ್ನು. ಇವು ಕೂತಲ್ಲೇ ನೀರು ಸೋಸಿ ತಿನ್ನುತ್ತವೆ. ನೀರಲ್ಲಿದ್ದದ್ದು ಮೈಯಲ್ಲಿ ಕೂಡುತ್ತಾ ಹೋಗುತ್ತದೆ. ದಕ್ಕೆಯ ಪಕ್ಕ, ಚರಂಡಿ ಸೇರುವ ಕಡೆ ಹೆಕ್ಕಿದ್ದು ಬೇಡ. ಚೊಕ್ಕ ನೀರಿನ ಅಳಿವೆಯದ್ದು ಕೇಳಿ ತನ್ನಿ.

ಬೋಟಿನವರಿಗೆ ಒಂದು ಮಾತು. ಜೂನ್, ಜುಲೈಯಲ್ಲಿ ಮೀನುಗಾರಿಕೆ ನಿಂತಾಗ ತಳ ಕೆರೆದು ಬಣ್ಣ ಹೊಡೆಯುತ್ತೀರಲ್ವಾ, ಆಗ ಕೆಳಗೊಂದು ಟಾರ್ಪಾಲು ಹಾಸಿ. ಕೆರೆದ ಪುಡಿಯಲ್ಲಿ ಹಳೇ ಬಣ್ಣದ ಪದರಗಳೂ ಇರಬಹುದು, ಹೊಸ ಬಣ್ಣದ ತಾಮ್ರವೂ ಇರುತ್ತದೆ. ಮಳೆ ಬರುವ ಮೊದಲು ಅದನ್ನು ಗುಡಿಸಿ ಗೋಣಿಗೆ ತುಂಬಿಬಿಡಿ.