ಮೂರು ದಿನದ ಗಡುವು ಎಲ್ಲಿಂದ ಬಂತು?

ಮೂಡಿಗೆರೆ ಸೀಮೆಯಲ್ಲಿ ಮಳೆಗಾಲ ಹಿಡಿದರೆ, ಕಾಫಿ ತೋಟದ ಲೈನ್ ಮನೆಯಿಂದ ಆಸ್ಪತ್ರೆಗೆ ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕು. ಐದನೇ ತಿಂಗಳಲ್ಲಿ ಒಂದಿಷ್ಟು ರಕ್ತ ಕಂಡು ತಾನಾಗಿಯೇ ನಿಂತರೆ, ‘ಮಲಗಿ ಸುಧಾರಿಸಿಕೊ’ ಎಂದು ಮನೆಯವರು ಹೇಳುವುದು ಸಹಜ. ಆದರೆ ಬಸುರಿಯ ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು ‘ನೆಗೆಟಿವ್’ ಎಂದಿದ್ದರೆ, ರಕ್ತ ನಿಂತ ಮಾತ್ರಕ್ಕೆ ಅಪಾಯ ನಿಂತಿರುವುದಿಲ್ಲ. ಮೂರು ದಿನದೊಳಗೆ ಆ್ಯಂಟಿ-ಡಿ ಎಂಬ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು ಎನ್ನುತ್ತಾರೆ ಆಸ್ಪತ್ರೆಯವರು.

ಮಗುವಿಗೆ ತಂದೆಯ ಪಾಸಿಟಿವ್ ಗುಂಪು ಬಂದಿದ್ದರೆ, ರಕ್ತಸ್ರಾವವಾದಾಗ ಅದರ ರಕ್ತಕಣಗಳು ಮಾಸು ದಾಟಿ ತಾಯಿಯ ರಕ್ತದಲ್ಲಿ ಬೆರೆಯಬಹುದು. ಅವಳ ದೇಹ ಅವುಗಳನ್ನು ಹೊರಗಿನವೆಂದು ಬಗೆದು, ನಾಶಮಾಡುವ ಪ್ರತಿಕಾಯ ಕಟ್ಟಿಕೊಳ್ಳುತ್ತದೆ. ಚೊಚ್ಚಲು ಕೂಸು ಸಾಮಾನ್ಯವಾಗಿ ಪಾರಾಗುತ್ತದೆ. ಮುಂದಿನ ಕೂಸಿಗೆ ರಕ್ತಹೀನತೆ, ಮೈಯೆಲ್ಲ ಬಾವು, ಹುಟ್ಟಿದ ದಿನವೇ ಏರುವ ಕಾಮಾಲೆ. ಒಂದರ ಹಿಂದೊಂದು ಮಗು ಕಳೆದುಕೊಂಡ ಎಷ್ಟೋ ತಾಯಂದಿರು ಈ ಕಾರಣ ತಿಳಿಯದೆಯೇ ಶಾಪ, ದೋಷಗಳ ಮಾತು ಕೇಳಿದ್ದಾರೆ.

1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ರಕ್ತ ಪಾಸಿಟಿವ್ ಅಥವಾ ನೆಗೆಟಿವ್ ಎಂದು ನಿರ್ಧರಿಸುವ ಆರ್‌ಎಚ್ ಅಂಶವನ್ನು ವಿವರಿಸಿದರು. ಶಿಶುಗಳ ಈ ಕಾಯಿಲೆಗೆ ಅದೇ ಮೂಲವೆಂದು ಮರುವರ್ಷ ಫಿಲಿಪ್ ಲೆವಿನ್ ತೋರಿಸಿದರು. ತಡೆಯುವ ದಾರಿ ಸಿಗಲು ಮತ್ತೆ ಎರಡು ದಶಕ ಬೇಕಾಯಿತು. ತಾಯಿಯ ದೇಹ ಎಚ್ಚೆತ್ತುಕೊಳ್ಳುವ ಮೊದಲೇ ಸಿದ್ಧ ಪ್ರತಿಕಾಯ ಕೊಟ್ಟು ಮಗುವಿನ ಕಣಗಳನ್ನು ತೆಗೆದುಹಾಕುವುದು ಆ ಉಪಾಯ. ಲಿವರ್‌ಪೂಲ್ ಮತ್ತು ನ್ಯೂಯಾರ್ಕ್ ತಂಡಗಳು ಬೇರೆಬೇರೆಯಾಗಿ ಇದರ ಬೆನ್ನು ಹತ್ತಿದವು. ನ್ಯೂಯಾರ್ಕಿನವರ ಪ್ರಯೋಗಕ್ಕೆ ಒಡ್ಡಿಕೊಂಡವರು ಸಿಂಗ್ ಸಿಂಗ್ ಸೆರೆಮನೆಯ ಗಂಡಸರು. ಅಲ್ಲಿ ಸಂಶೋಧಕರಿಗೆ ಮೂರು ದಿನಕ್ಕೊಮ್ಮೆ ಮಾತ್ರ ಭೇಟಿಗೆ ಅವಕಾಶವಿದ್ದುದರಿಂದ, ಪಾಸಿಟಿವ್ ರಕ್ತಕಣ ಕೊಟ್ಟ ಮೂರು ದಿನದ ಮೇಲೆ ಪ್ರತಿಕಾಯ ಕೊಡಬೇಕಾಯಿತು. ಇಂದು ಎಲ್ಲ ಆಸ್ಪತ್ರೆಗಳೂ ಹೇಳುವ 72 ಗಂಟೆಯ ಗಡುವು ಹುಟ್ಟಿದ್ದು ಹೀಗೆ. 1968ರಲ್ಲಿ ಈ ಸಿದ್ಧ ಪ್ರತಿಕಾಯದ ಆ್ಯಂಟಿ-ಡಿ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು.

ಮೊದಮೊದಲು ಅದನ್ನು ಹೆರಿಗೆಯಾದ ಮೇಲೆ ಮಾತ್ರ ಕೊಡುತ್ತಿದ್ದರು. ಗರ್ಭಪಾತ, ಮಾಸು ಬಿಟ್ಟುಕೊಳ್ಳುವುದು, ಹೊಟ್ಟೆಗೆ ಬಿದ್ದ ಪೆಟ್ಟು ಇವೂ ಅಷ್ಟೇ ಅಪಾಯಕಾರಿ ಎಂಬ ಅರಿವು ಬಂದಂತೆ ಗರ್ಭಿಣಿಯರಿಗೂ ಕೊಡುವ ರೂಢಿ ಬಂತು. 28ನೇ ವಾರದಲ್ಲಿ ರಕ್ತ ಕಾಣದಿದ್ದರೂ ಒಂದು ಡೋಸ್. 12 ವಾರದೊಳಗಿನ ಅಲ್ಪ ರಕ್ತಸ್ರಾವಕ್ಕೆ ಬೇಕೇ ಎಂಬುದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. 300 ಮೈಕ್ರೋಗ್ರಾಂ ಮದ್ದು ಮಗುವಿನ ಸುಮಾರು 30 ಮಿಲಿಲೀಟರ್ ರಕ್ತವನ್ನು ನಿಭಾಯಿಸುತ್ತದೆ. ಹೆಚ್ಚು ಬೆರೆತಿರುವ ಅನುಮಾನವಿದ್ದರೆ ಕ್ಲೈಹೌವರ್ ಪರೀಕ್ಷೆ ಇದೆ: ಆಮ್ಲದಲ್ಲಿ ಅದ್ದಿದ ಗಾಜಿನ ಪಟ್ಟಿಯ ಮೇಲೆ ತಾಯಿಯ ಕಣಗಳು ಬಿಳಚಿಕೊಂಡು, ಮಗುವಿನವು ಮಾತ್ರ ಗುಲಾಬಿ ಬಣ್ಣದಲ್ಲಿ ಉಳಿಯುತ್ತವೆ.

ಪ್ರತಿಕಾಯ ಒಮ್ಮೆ ಹುಟ್ಟಿಬಿಟ್ಟರೆ ಈ ಮದ್ದಿನಿಂದ ಪ್ರಯೋಜನವಿಲ್ಲ. ಹಾಗೆಂದು ನಾಲ್ಕನೆಯ ದಿನ ಬಂದವಳನ್ನು ‘ತಡವಾಯಿತು’ ಎಂದು ವಾಪಸು ಕಳಿಸುವುದು ತಪ್ಪು. ಗಡುವು ತಪ್ಪಿದ್ದರೂ ಹತ್ತು ದಿನದವರೆಗೆ ಕೊಟ್ಟರೆ ಒಂದಿಷ್ಟು ರಕ್ಷಣೆ ಸಿಗಬಹುದು.